ಬೀಳ್ಕೊಟ್ಟರೂ ಹೊರಡದ ಕುಕ್ಕಪ್ಪ

ಊಟ ನಮ್ಮದು, ವಸತಿ ನಮ್ಮದು, ಪ್ರಯಾಣದ ಖರ್ಚು ಮಾತ್ರ ತಮ್ಮದು ಎಂದು ಧಾರವಾಡದಿಂದ ಬಂದ ಕಾರ್ಡಿನ ಕೊನೆಯ ಸಾಲು ಹೇಳುತ್ತಿತ್ತು. ಕಡಬ ಪೇಟೆಯ ದರ್ಜಿ ಕುಕ್ಕಪ್ಪನ ಪಿತ್ತ ನೆತ್ತಿಗೇರಿದ್ದು ಅಲ್ಲಿಂದಲೇ.

"ಊಟ ಮನೆಯಲ್ಲಿಯೂ ಉಂಟು, ನಿದ್ದೆ ಮನೆಯಲ್ಲಿಯೂ ಬರ್ತದೆ. ಇಲ್ಲದ್ದು ಬಸ್ಸಿನ ದುಡ್ಡು. ಅದೊಂದನ್ನೇ ಕೊಡುದಿಲ್ಲವಂತೆ!" ಎಂದು ಹೆಂಡತಿಯ ಮೇಲೆ ರೇಗಿದ.

"ಕಾರ್ಡು ಬರೆದದ್ದು ನಾನಾ?" ಎಂದು ವಾರಿಜಾಕ್ಷಿ ಗಂಜಿಯ ಬಟ್ಟಲನ್ನು ಕುಕ್ಕಿ ಇಟ್ಟಳು.

ಕುಕ್ಕಪ್ಪ ಹಗಲು ಹೊಲಿಯುತ್ತಿದ್ದ, ಕತ್ತಲಾದ ಮೇಲೆ ಶಾಲೆಯ ಜಗಲಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ. ಅವನ ರಾತ್ರಿ ಶಾಲೆಗೆ ಊರ ದೊಡ್ಡವರ ಸಮಿತಿಯೊಂದಿತ್ತು, ಪೈಸೆ ಸಂಬಳವಿರಲಿಲ್ಲ. ಇದ್ದದ್ದು ಒಂದು ಚಿಮಣಿ ದೀಪ. ಬೀಡಿ ಕಟ್ಟುವ ಆಯಿಶಮ್ಮ ಪುತ್ತೂರಿಗೆಂದು ಬಸ್ಸು ಹತ್ತಿ ಸುಳ್ಯದಲ್ಲಿ ಇಳಿದ ಅವಮಾನಕ್ಕೆ ಅರುವತ್ತರ ಪ್ರಾಯದಲ್ಲಿ ಸ್ಲೇಟು ಹಿಡಿದವಳು. ಅಕ್ಷರ ಕಾಣದೆ ದೀಪಕ್ಕೆ ಬಗ್ಗಿ ತಲೆವಸ್ತ್ರದ ಅಂಚನ್ನು ಸುಟ್ಟುಕೊಂಡಿದ್ದಳು. ಧಾರವಾಡದ ರಾತ್ರಿ ಶಾಲೆ ಸ್ವಯಂಸೇವಕರ ಸಮ್ಮೇಳನಕ್ಕೆ ಬಂದವರಿಗೆಲ್ಲ ಪಂಪು ಹೊಡೆದು ಉರಿಸುವ ಒಂದೊಂದು ಗ್ಯಾಸ್‌ಲೈಟು ಕೊಡುತ್ತಾರೆ, ಬಾರದವರಿಗೆ ಇಲ್ಲ ಎಂದು ಅದೇ ಕಾರ್ಡಿನಲ್ಲಿತ್ತು. ಆ ಗ್ಯಾಸ್‌ಲೈಟು ಕುಕ್ಕಪ್ಪನಿಗೆ ಬೇಕಿತ್ತು. ಆ ದಿನ ಸಂಜೆಯ ಪುತ್ತೂರು ಬಸ್ಸು ತಪ್ಪಿದರೆ ಸಮ್ಮೇಳನವೂ ಇಲ್ಲ, ಬೆಳಕೂ ಇಲ್ಲ. ಹೊಲಿಗೆಯ ದುಡ್ಡು ಅಕ್ಕಿಗೇ ಸರಿಹೋಗುತ್ತಿತ್ತು.

ಬೆಳಗ್ಗೆಯೇ ಸಮಿತಿಯ ಅಧ್ಯಕ್ಷರಾದ ಮಹಾಗಣಪತಿ ಭಟ್ಟರ ಅಡಿಕೆ ಅಂಗಡಿಗೆ ಹೋದ. ಭಟ್ಟರು ಕಾರ್ಡನ್ನು ಎರಡು ಸಲ ಓದಿ ಕಣ್ಣಿಗೊತ್ತಿಕೊಂಡರು.

"ಕಡಬದ ಹೆಸರು ಧಾರವಾಡಕ್ಕೆ ಮುಟ್ಟಿತಲ್ಲ ಮಾರಾಯ!"

"ಹೆಸರು ಮುಟ್ಟಿತು ಭಟ್ರೆ. ನಾನು ಮುಟ್ಟುದು ಹೇಗೆ? ಬಸ್ಸಿನ ದುಡ್ಡು ಸಮಿತಿಯಿಂದ ಆಗ್ಬೇಕಿತ್ತು."

ಭಟ್ಟರು ಬಿಸಿ ಬಾಣಲೆ ಮುಟ್ಟಿದವರಂತೆ ಕಾರ್ಡನ್ನು ಹಿಂದಕ್ಕೆ ಕೊಟ್ಟರು. "ಛೆ ಛೆ, ಸೇವೆಗೆ ದುಡ್ಡು ತಾಗಿಸ್ಬೇಡ ಕುಕ್ಕಪ್ಪಾ, ಮೈಲಿಗೆ ಆಗ್ತದೆ. ಹಿಂದಿನವರು ಕಾಶಿಗೆ ನಡೆದೇ ಹೋಗ್ತಿದ್ರು."

"ಅವರಿಗೆ ನಾಳೆ ಬೆಳಿಗ್ಗೆ ಮುಟ್ಬೇಕು ಅಂತ ಇರ್ಲಿಲ್ಲ!" ಎಂದು ಗುಡುಗಿ ಕುಕ್ಕಪ್ಪ ಇಳಿದು ಬಂದ.

ಸಮಿತಿಯ ಕಾರ್ಯದರ್ಶಿ ದೇವದಾಸ ಶೆಟ್ಟರದ್ದು ಚಾ ಹೋಟೆಲು. ಅವರು ಒಂದು ಗ್ಲಾಸು ಚಾ ಮುಂದಿಟ್ಟು ಪಿಸುಗುಟ್ಟಿದರು.

"ನಾನು ಹೀಗೆ ಒಳಗಿಂದೊಳಗೆ ಕೊಟ್ರೆ ಯಾರಿಗೆ ಗೊತ್ತಾಗ್ತದೆ? ನಾಲ್ಕು ಜನರ ಎದುರು ಕೊಡುದಕ್ಕೆ ಒಂದು ಮರ್ಯಾದೆ ಉಂಟು. ಮಧ್ಯಾಹ್ನ ಮೇಲೆ ನಿನಗೆ ಬೀಳ್ಕೊಡುಗೆ ಸಭೆ ಮಾಡುವ. ಅಲ್ಲಿಯೇ ವಂತಿಗೆ, ಅಲ್ಲಿಂದಲೇ ಬಸ್ಸು."

ವಿಷಯ ತಿಳಿದದ್ದೇ ಭಟ್ಟರಿಗೆ ಹೊಸ ಉತ್ಸಾಹ ಬಂತು. ದುಡ್ಡು ಕೊಡುವಾಗ ಬಾರದ ಉತ್ಸಾಹ ಅಧ್ಯಕ್ಷ ಪೀಠ ಕಂಡಾಗ ಬರುವುದು ನಮ್ಮ ಊರಿನ ದೊಡ್ಡವರ ಹಳೆಯ ರೋಗ. ಆದರೆ ಬೆಂಚು ಎಳೆಯುವವರು ಯಾರು? ಕುಕ್ಕಪ್ಪ. ಹೋಟೆಲಿನ ಕುರ್ಚಿ ಹೊತ್ತು ತರುವವರು? ಕುಕ್ಕಪ್ಪ. "ಒಂದು ಬಟ್ಟೆಯ ಬೋರ್ಡು ಬೇಕು. ನಿನ್ನ ಹತ್ರ ಮಿಷನ್ ಉಂಟಲ್ಲ," ಎಂದರು ಶೆಟ್ಟರು. ಗಿರಾಕಿಯೊಬ್ಬನ ಅಂಗಿಗೆಂದು ಇಟ್ಟ ಬಿಳಿ ಬಟ್ಟೆಯಲ್ಲಿ 'ಕುಕ್ಕಪ್ಪನವರಿಗೆ ಶುಭಪ್ರಯಾಣ' ಎಂದು ಕುಕ್ಕಪ್ಪ ತಾನೇ ಹೊಲಿದ. ಸಿಟ್ಟಿಗೆ ಸೂಜಿ ಎರಡು ಸಲ ಮುರಿಯಿತು.

ಶಾಲೆಯಲ್ಲಿ ಸಭೆಗೆ ಜನ ಕಿಕ್ಕಿರಿದಿದ್ದರು. ಕುಕ್ಕಪ್ಪನ ಕೊರಳಿಗೆ ಗೊಂಡೆ ಹೂವಿನ ಹಾರ ಬಿತ್ತು. ಭಟ್ಟರು ವೇದಕಾಲದಿಂದ ವಿದ್ಯಾದಾನದ ಮಹಿಮೆಯನ್ನು ಶುರು ಮಾಡಿದರು. ಅವರು ಗುರುಕುಲ ದಾಟುವಷ್ಟರಲ್ಲಿ ಪೇಟೆಯ ತುದಿಯಲ್ಲಿ ಬಸ್ಸಿನ ಹಾರ್ನು ಕೇಳಿತು. ಕುಕ್ಕಪ್ಪ ಕುರ್ಚಿಯ ತುದಿಗೆ ಬಂದ.

ಕೊನೆಗೂ ವಂತಿಗೆಯ ಸಮಯ ಬಂತು. "ನನ್ನದು ಹತ್ತು ರೂಪಾಯಿ!" ಎಂದರು ಭಟ್ಟರು. ಚಪ್ಪಾಳೆ. "ಹಾಗಾದ್ರೆ ನನ್ನದು ಹದಿನೈದು!" ಎಂದರು ಶೆಟ್ಟರು. ಇನ್ನೂ ದೊಡ್ಡ ಚಪ್ಪಾಳೆ. ಸಭೆಯಲ್ಲಿದ್ದ ಒಬ್ಬೊಬ್ಬರೂ ಎದ್ದು ಕೂಗಿದರು. ಧಾರವಾಡಕ್ಕಲ್ಲ, ಡೆಲ್ಲಿಗೆ ಹೋಗಿ ಬರುವಷ್ಟು ಆಯಿತು. ಕುಕ್ಕಪ್ಪನ ಸಿಟ್ಟೆಲ್ಲ ಇಳಿದು, ಇಂಥ ಊರನ್ನು ಬೈದೆನಲ್ಲ ಎಂದು ಕಣ್ಣು ತುಂಬಿ ಬಂತು. ಎದ್ದು ಕೈಚೀಲ ಹಿಡಿದು, ಭಟ್ಟರ ಮುಂದೆ ಕೈ ಚಾಚಿದ.

"ಎಂತ?" ಎಂದರು ಭಟ್ಟರು.

"ದುಡ್ಡು. ಬಸ್ಸು ಬಂತು."

"ಈಗಲಾ? ಸಭೆಯಲ್ಲಿ ಹೇಳಿದ್ದನ್ನು ಸಭೆಯಲ್ಲಿಯೇ ಕೊಡುವ ಕ್ರಮ ಎಲ್ಲಿ ಉಂಟು ಮಾರಾಯ? ಹೊಸ ಅಡಿಕೆ ಒಣಗಲಿ. ಮಾತು ಕೊಟ್ಟಾಯ್ತಲ್ಲ, ನಿನಗೆಂತ ಹೆದರಿಕೆ?"

ಅಷ್ಟರಲ್ಲಿ ಶಾಲೆಯ ಎದುರಿನಿಂದಲೇ ಬಸ್ಸು ಧೂಳೆಬ್ಬಿಸಿ ಹೋಯಿತು. ಶಾಲೆಯ ಬಾಗಿಲಲ್ಲಿ ಕೂತಿದ್ದ ಆಯಿಶಮ್ಮ ಕುಣಿಯುವಂತೆ ಎದ್ದಳು.

"ಮಾಷ್ಟ್ರೆ, ನಾನು ಬೋರ್ಡು ಓದಿದೆ! ಪು-ತ್ತೂ-ರು! ಪುತ್ತೂರಿಗೆ ಹೋಗುದು ಅದು!"

ಅವಳ ಮುಖದಲ್ಲಿ ಹೊಳೆದ ಸಂತೋಷ ಕಂಡು ಕುಕ್ಕಪ್ಪ ಕೊರಳಿನ ಹಾರವನ್ನು ಸಿಟ್ಟಿನಿಂದ ಕಿತ್ತು ಸಭೆಯತ್ತ ತಿರುಗಿದ.

"ಕೇಳಿದ್ರಾ? ಆ ಮುದುಕಿ ಕತ್ತಲಲ್ಲಿ ಕೂತು ಇಷ್ಟು ಕಲಿತಿದ್ದಾಳೆ! ಅವಳಿಗೆ ಒಂದು ಲೈಟು ತರುವ ಅಂದ್ರೆ ನಿಮ್ಮ ಚಪ್ಪಾಳೆಯನ್ನು ಕಂಡಕ್ಟರ ತೆಕ್ಕೊಳ್ತಾನಾ? ಈ ಹಾರ ತೋರಿಸಿದ್ರೆ ಟಿಕೇಟು ಹರೀತಾನಾ? ಪುಕ್ಕಟೆ ಮಾಡುವವನಿಗೆ ಹೊಟ್ಟೆ ಇಲ್ವಾ, ಬಸ್ಸು ಬೇಡ್ವಾ? ಇವತ್ತು ಹೇಳ್ತೇನೆ ಕೇಳಿ. ದುಡ್ಡು ಕರೆದವನಾದ್ರೂ ಕೊಡ್ಬೇಕು, ಕಳಿಸುವವನಾದ್ರೂ ಕೊಡ್ಬೇಕು! ಕೊಡ್ಲಿಕ್ಕೆ ಆಗದವ ಬಾಯಿ ಮುಚ್ಚಿ ಕೂತ್ಕೊಳ್ಬೇಕು!"

ಇನ್ನು ಹೊಡೆದಾಟವೇ ಎಂದು ಕುಕ್ಕಪ್ಪ ಅಂಗಿಯ ತೋಳು ಮಡಚಿದ. ಆದರೆ ಭಟ್ಟರು ನಿಧಾನವಾಗಿ ಎದ್ದು ಅವನನ್ನು ಅಪ್ಪಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಎಂಥ ಮಾತು! ಕರೆದವ ಕೊಡ್ಬೇಕು! ಇದನ್ನು ನಾವು ಮಾಡಿಯೇ ತೋರಿಸುವ. ಬರುವ ವರ್ಷದ ಸಮ್ಮೇಳನ ಕಡಬದಲ್ಲಿ! ಬರುವವರೆಲ್ಲರ ಪ್ರಯಾಣದ ಖರ್ಚು ನಮ್ಮದು! ಸಂಚಾಲಕರು ನಮ್ಮ ಕುಕ್ಕಪ್ಪನವರು!"

ಚಪ್ಪಾಳೆಗೆ ಮಾಡಿನ ಹಂಚು ಅದುರಿತು. ಅಟ್ಟಕ್ಕೆ ಹಾರದವ ಬೆಟ್ಟಕ್ಕೆ ಹಾರಿಯಾನೇ ಎಂದು ಆ ಸಭೆಯಲ್ಲಿ ಒಬ್ಬನಿಗಾದರೂ ಹೊಳೆಯಬೇಡವೇ?

ಜನ ಕರಗಿದ ಮೇಲೆ ಭಟ್ಟರು ಹತ್ತಿರ ಬಂದರು. ಬೆಳಿಗ್ಗೆ ನೀನು ಎಂದವರಿಗೆ ಈಗ ಬಹುವಚನ ಬಂದಿತ್ತು.

"ಸಂಚಾಲಕರೇ, ನಾವು ಕರೆಯುದಾದ್ರೆ ಮನೆಬಾಗಿಲಿಗೆ ಹೋಗಿ ಹೇಳಿಕೆ ಕೊಡ್ಬೇಕು. ಅವರ ಹಾಗೆ ಕಾರ್ಡು ಗೀಚಿದ್ರೆ ಮರ್ಯಾದೆ ಅಲ್ಲ. ನಾಳೆ ನಾನು ಮತ್ತು ಶೆಟ್ರು ಧಾರವಾಡಕ್ಕೆ ಹೋಗಿ ಬರ್ತೇವೆ."

ಕುಕ್ಕಪ್ಪನಿಗೆ ಕೊನೆಯ ಆಸೆಯೊಂದು ಮಿಸುಕಿತು. "ಹಾಗಾದ್ರೆ ನಮ್ಮ ಶಾಲೆಯ ಗ್ಯಾಸ್‌ಲೈಟು..."

"ಅದು ಸ್ವಯಂಸೇವಕರಿಗೆ ಅಲ್ವಾ? ನೀವು ಈಗ ಸಂಚಾಲಕರು. ನಾವು ಅಧ್ಯಕ್ಷರು, ಕಾರ್ಯದರ್ಶಿ. ಕೇಳುದು ಚಂದ ಅಲ್ಲ." ಭಟ್ಟರು ಶಲ್ಯವನ್ನು ಹೆಗಲಿಗೇರಿಸಿ ಕೈ ಚಾಚಿದರು. "ಮತ್ತೆ, ನಮ್ಮನ್ನು ಕಳಿಸುವವರು ನೀವು. ಇಬ್ಬರ ಬಸ್ಸಿನ ದುಡ್ಡು ಈಗಲೇ ಕೊಡ್ತೀರಾ, ಬೆಳಿಗ್ಗೆ ಮನೆಗೆ ಬರ್ಬೇಕಾ?"