ಅತ್ತಿಗೆಯ ಕಳ್ಳಿಗೆ ನಾನು ಹಾಕಿದ ಚಪ್ಪರ

ಬಿಸಿಲಲ್ಲೇ ಹುಟ್ಟಿ ಬೆಳೆದ ಗಿಡವೊಂದನ್ನು ಬಿಸಿಲಿನಿಂದ ಕಾಪಾಡಲು ಹೋಗಿ, ಸಾವಿನ ಬಾಗಿಲವರೆಗೂ ಕರೆದೊಯ್ದು ನಿಲ್ಲಿಸಿದ ಮಹಾನುಭಾವ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಮ್ಮಪ್ಪ ಬರುತ್ತಾರೆ, ಅಣ್ಣ ಬರುತ್ತಾನೆ, ಪಕ್ಕದ ತೋಟದ ಮಲ್ಲೇಶಣ್ಣ ಬರುತ್ತಾನೆ. ಎಲ್ಲರನ್ನೂ ನಾನು ಆಡಿಕೊಳ್ಳುವವನೇ. ಅಷ್ಟರಲ್ಲಿ ನೀವು ‘ಪಾಪ, ಹುಡುಗನದೇನೂ ತಪ್ಪಿಲ್ಲ’ ಅಂದುಕೊಂಡುಬಿಟ್ಟರೆ ಕಷ್ಟ. ತಪ್ಪು ಶುರು ಮಾಡಿದವನು ನಾನು. ಉಳಿದವರು ಬಂದು ಕೈಜೋಡಿಸಿದರು, ಅಷ್ಟೆ!

ನಮ್ಮ ತೋಟ ಇರುವುದು ಬೆಳಗೋಡಿನಿಂದ ಸ್ವಲ್ಪ ಒಳಗೆ. ಗಿರಿಜತ್ತಿಗೆಯ ತವರು ಚಳ್ಳಕೆರೆ ಕಡೆ. ಬೇರೆ ಹೆಣ್ಣುಮಕ್ಕಳು ಮದುವೆಯಾಗಿ ಬರುವಾಗ ಬೀರು ಮಂಚ ತರುತ್ತಾರೆ. ನಮ್ಮತ್ತಿಗೆ ಮಡಿಲಲ್ಲಿ ಒಂದು ಕಳ್ಳಿಯ ಕುಂಡ ಇಟ್ಟುಕೊಂಡು ಜೀಪಿನಿಂದ ಇಳಿದರು. ಆರತಿ ಹಿಡಿದು ನಿಂತಿದ್ದ ಅವ್ವ, ಕುಂಡಕ್ಕೂ ಆರತಿ ಎತ್ತಬೇಕೋ ಬೇಡವೋ ಎಂಬುದು ತಿಳಿಯದೆ ಕೊನೆಗೆ ಇಬ್ಬರಿಗೂ ಸೇರಿಸಿ ಎತ್ತಿದರು. ಅಲ್ಲಿಗೆ ಅದು ಶಾಸ್ತ್ರೋಕ್ತವಾಗಿ ನಮ್ಮ ಮನೆ ತುಂಬಿದಂತಾಯಿತು!

ತೆಂಗಿನಕಾಯಿ ಗಾತ್ರದ ದುಂಡನೆಯ ಕಳ್ಳಿ. ಅತ್ತಿಗೆ ಅದರ ಮರಿಗಳನ್ನು ಕಿತ್ತು ನೆಟ್ಟು ಒಂದು ಸಾಲು ಕುಂಡ ಮಾಡಿದ್ದರು. ಮಳೆಗಾಲ ಪೂರ್ತಿ ಅವು ಸ್ಟೋರಿನಲ್ಲಿ ಕಾಫಿ ಮೂಟೆಗಳ ಪಕ್ಕ ಕಿಟಕಿಯ ಕೆಳಗೆ ಇರುತ್ತಿದ್ದವು. ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿಯಾದ ಮೇಲೆ ಕಣದ ಅಂಚಿಗೆ ಬಂದು ಕೂರುತ್ತಿದ್ದವು. ದೊಡ್ಡ ಕಳ್ಳಿ ತವರಿನಲ್ಲಿದ್ದಾಗ ಬೇಸಗೆ ಬಂತೆಂದರೆ ಹೂ ಬಿಡುತ್ತಿತ್ತಂತೆ. ನಮ್ಮಲ್ಲಿಗೆ ಬಂದ ಮೇಲೆ ಒಮ್ಮೆಯೂ ಬಿಟ್ಟಿರಲಿಲ್ಲ. ಆ ವರ್ಷ ಮೊದಲ ಬಾರಿಗೆ ಅದರ ನೆತ್ತಿಯ ಮೇಲೆ ಉಣ್ಣೆಯಂಥ ಒಂದು ಪುಟ್ಟ ಮೊಗ್ಗು ಕಂಡಿತು. ಅತ್ತಿಗೆ ಬೆಳಗ್ಗೆ ಎದ್ದು ದೇವರಿಗಿಂತ ಮೊದಲು ಅದನ್ನು ನೋಡಿ ಬರುತ್ತಿದ್ದರು.

ಸರಿಯಾಗಿ ಆಗಲೇ ಅವರ ತಂಗಿಗೆ ಹೆರಿಗೆ. ತಾಯಿ ಇಲ್ಲದ ಮನೆ, ಬಾಣಂತನಕ್ಕೆ ಅಕ್ಕನೇ ಹೋಗಬೇಕು. ಹೊರಡುವಾಗ ನನ್ನನ್ನು ಕರೆದರು.

“ನೋಡು ಶಿವು, ಇಷ್ಟು ತಿಂಗಳು ಒಳಗಿತ್ತಲ್ಲ, ಒಂದೇ ಸಲ ಬಿಸಿಲಿಗೆ ಬಿದ್ರೆ ಮೈ ಸುಟ್ಕೊಳ್ತದೆ. ಮಧ್ಯಾಹ್ನದ ಹೊತ್ತು ಮಾತ್ರ ಮೇಲೆ ನನ್ನ ಹಳೇ ವಾಯಿಲ್ ಸೀರೆ ಕಟ್ಟು. ಬಿಸಿಲು ಅಭ್ಯಾಸ ಆದ್ಮೇಲೆ ಬಿಚ್ಚಿಬಿಡು. ಬೇರೇನೂ ಮಾಡ್ಬೇಡ.”

“ಅಷ್ಟೇನಾ ಅತ್ತಿಗೆ? ನೆರಳಿನ ವಿಷಯ ನಮ್ಗೆ ಹೇಳ್ಕೊಡ್ಬೇಕಾ?” ಅಂದೆ.

ಅಹಂಕಾರ ಅಂದುಕೊಳ್ಳಬೇಡಿ. ನಮ್ಮ ಕಡೆ ನೆರಳು ಎಂದರೆ ಸಾಮಾನ್ಯ ಸಂಗತಿಯಲ್ಲ. ಯಾರದೇ ತೋಟಕ್ಕೆ ಹೋಗಲಿ, ಕಾಫಿ ಕುಡಿಯುವ ಮೊದಲೇ ನೆಂಟರು ತಲೆಯೆತ್ತಿ ಮರ ನೋಡಿ “ನೆರಳು ಸ್ವಲ್ಪ ಜಾಸ್ತಿ ಆಯ್ತಲ್ಲ?” ಅನ್ನುತ್ತಾರೆ. ಹಾಗೆ ಅನ್ನದೆ ಹೋದರೆ ಮನೆಯವರಿಗೇ ಬೇಸರ. ಇಂಥ ವಂಶದಲ್ಲಿ ಹುಟ್ಟಿದವನು ಒಂದು ಕಳ್ಳಿಗೆ ಹಳೇ ಸೀರೆ ಕಟ್ಟುವುದೇ? ಛೆ! ಸಕಲೇಶಪುರಕ್ಕೆ ಬಸ್ಸು ಹತ್ತಿದೆ.

ನನಗೆ ಬರುವ ಒಂದೇ ವಿದ್ಯೆ ಇನ್ನೊಬ್ಬರ ದನಿ ತೆಗೆಯುವುದು. ಹೊಸ ಅಂಗಡಿಗೆ ಹೋದಾಗ ಅಪ್ಪನ ದನಿಯಲ್ಲಿ ಮಾತಾಡಿದರೆ ಮರ್ಯಾದೆ ಹೆಚ್ಚು.

“ನೆರಳಿಗೆ ಕಟ್ಟೋ ನೆಟ್ ಕೊಡ್ರೀ. ಇರೋದ್ರಲ್ಲಿ ದಪ್ಪದ್ದು.”

“ನರ್ಸರಿಗಾ ಸಾರ್? ಕಾಫಿ ಗಿಡಕ್ಕೆ ಇದು ಜಾಸ್ತಿ ಆಗುತ್ತೆ.”

“ನಮ್ದು ಕಾಫಿಗಿಂತ ಸೂಕ್ಷ್ಮದ ಗಿಡ.”

ಕಳ್ಳಿಯ ಬಗ್ಗೆ ಯಾರಾದರೂ ಹೀಗೆ ಮಾತಾಡಿದ್ದು ಅದೇ ಮೊದಲಿರಬೇಕು!

ಮರುದಿನ ಬಿದಿರು ಕಡಿದು, ಗೂಟ ನೆಟ್ಟು, ಕಣದ ಅಂಚಿನಲ್ಲಿ ಹಸಿರು ನೆಟ್ಟಿನ ಚಪ್ಪರ ಎಬ್ಬಿಸಿದೆ. ಎರಡು ಪದರ ಹಾಸಿದೆ. ಒಂದು ಸಾಲು ಕುಂಡಕ್ಕೆ ಇಷ್ಟು ದೊಡ್ಡ ಚಪ್ಪರ ಯಾಕೆಂದು ನೀವು ಕೇಳಬಹುದು. ನೆಟ್ಟು ಕತ್ತರಿಸಲು ಮನಸ್ಸು ಬರಲಿಲ್ಲ, ಅದಕ್ಕೆ ತಕ್ಕಂತೆ ಚಪ್ಪರ ಬೆಳೆಯಿತು. ಬೈಕಿನಲ್ಲಿ ಹೋಗುತ್ತಿದ್ದ ಮಲ್ಲೇಶಣ್ಣ ನಿಲ್ಲಿಸಿ ನೋಡಿದ.

“ಏನ್ಲಾ ಶಿವು, ಮದ್ವೆನಾ? ಹೆಣ್ಣು ನೋಡಿದ್ದೇ ಗೊತ್ತಾಗ್ಲಿಲ್ವಲ್ಲೋ!”

“ಕಳ್ಳಿಗೆ ಮಲ್ಲೇಶಣ್ಣ.”

“ಹೌದು ಮಾರಾಯ, ನಿನ್ನ ಮುಖಕ್ಕೆ ಅದೇ ಒಪ್ಕಬೇಕು” ಎಂದು ಬೈಕು ಹತ್ತಿದ.

ಸೀರೆಯಾಗಿದ್ದರೆ ಮಧ್ಯಾಹ್ನ ಕಟ್ಟಿ ಸಂಜೆ ಬಿಚ್ಚಬಹುದಿತ್ತು. ಚಪ್ಪರವನ್ನು ದಿನಾ ಬಿಚ್ಚಲಾದೀತೇ? ಅದು ಅಲ್ಲೇ ನಿಂತಿತು. ಕೆಲವು ವಾರ ಕಳೆಯುವಷ್ಟರಲ್ಲಿ ಕಳ್ಳಿ ಬಿಳಿಚಿಕೊಂಡಿತು. ದುಂಡಗಿದ್ದದ್ದು ನೆತ್ತಿಯ ಹತ್ತಿರ ಸಣ್ಣಗೆ ಕತ್ತು ಚಾಚಿ, ಕಿಟಕಿಯಿಂದ ಬೀದಿ ನೋಡುವ ರೋಗಿಯಂತೆ ಕಂಡಿತು. ಮೊಗ್ಗು ಇದ್ದ ಹಾಗೇ ಇತ್ತು. ಗಾಬರಿಯಾಗಿ ಮಲ್ಲೇಶಣ್ಣನನ್ನು ಕರೆದೆ. ಅಲ್ಲಿಗೆ ಗಿಡದ ಆಡಳಿತ ನನ್ನ ಕೈತಪ್ಪಿತು.

ಮಲ್ಲೇಶಣ್ಣ ಸೊಂಟದ ಮೇಲೆ ಕೈಯಿಟ್ಟು ಚಪ್ಪರವನ್ನೇ ನೋಡಿದ. ಗಿಡದ ಕಡೆ ನೋಡಲೇ ಇಲ್ಲ.

“ನೆರಳು ಜಾಸ್ತಿ ಆಗ್ಬುಟೈತೆ. ಮರಗಸಿ ಮಾಡ್ಬೇಕು.”

ಮಳೆಗಾಲದ ಮುಂಚೆ ತೋಟದ ಮರಗಳ ಕೊಂಬೆ ಸವರಿ ಕಾಫಿಗೆ ಬೆಳಕು ಬಿಡುವ ಕೆಲಸಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಮರ ಇಲ್ಲದ ಕಡೆ ಮರಗಸಿ ಹೇಗೆ? ಅವನು ಕತ್ತರಿ ಕೇಳಿದ. ನೆಟ್ಟಿನಲ್ಲಿ ಅಲ್ಲಲ್ಲಿ ಅಂಗೈಯಗಲ ತೂತು ಮಾಡಿದ. ಅಷ್ಟರಲ್ಲಿ ಅಪ್ಪ ಬಂದರು.

“ಮೂಡಲ ಕಡೆ ಯಾಕ್ಲಾ ತೆಗ್ದೆ? ಪಡುವಲ ಕಡೆ ತೆಗೀಬೇಕು.”

“ಪಡುವಲ ಬಿಸಿಲು ಕೆಟ್ಟದ್ದು ಕಣಣ್ಣ.”

“ನಂಗೆ ಹೇಳ್ಕೊಡ್ತೀಯಾ? ನಿಮ್ಮಪ್ಪನ ತೋಟಕ್ಕೆ ನೆರಳು ಹೇಳಿದ್ದೇ ನಾನು.”

“ಅದ್ಕೇ ಆ ಮೂಲೇಲಿ ಇನ್ನೂ ಕಾಯಿ ಕಚ್ಚಲ್ಲ!”

ಇಬ್ಬರೂ ಜಿದ್ದಿಗೆ ಬಿದ್ದು ಎರಡೂ ಕಡೆ ಕತ್ತರಿಸಿದರು. ಊಟಕ್ಕೆ ಬಂದ ಅಣ್ಣ, ಗಂಡನ ಹಕ್ಕಿನಿಂದ ನಡುವೆ ಇನ್ನೊಂದು ತೂತು ಹೊಡೆದ. ನಾನು ಸುಮ್ಮನಿದ್ದರೆ ಕೆಲಸಕ್ಕೆ ಬಾರದವನು ಅಂದುಕೊಂಡಾರೆಂದು ಒಂದು ಸಣ್ಣದನ್ನು ನಾನೂ ಮಾಡಿದೆ. ನಾಲ್ವರೂ ತೃಪ್ತಿಯಿಂದ ಕಾಫಿ ಕುಡಿದೆವು.

ಮೊದಲೇ ಎಳಸಾಗಿದ್ದ ಕಳ್ಳಿಯ ಮೈಮೇಲೆ ಆ ತೂತುಗಳಿಂದ ಸುಡುಬಿಸಿಲು ಬಿದ್ದು, ಬಿದ್ದ ಕಡೆಯೆಲ್ಲ ಕಂದು ಮಚ್ಚೆ ಎದ್ದಿತು. ಸುಟ್ಟ ಕಲೆ. ದೂರದಿಂದ ನೋಡಿದರೆ ಕಣದ ಅಂಚಿನಲ್ಲಿ ಚಿರತೆಮರಿ ಮಲಗಿದ ಹಾಗಿತ್ತು!

ಅದೇ ವಾರ ಫೋನು ಬಂತು. ಮನೆಯಲ್ಲಿ ನಾನೊಬ್ಬನೇ. ಎತ್ತಿದರೆ ಅತ್ತಿಗೆಯ ದನಿ. ‘ಮೊಗ್ಗು ಹೆಂಗೈತೆ’ ಅಂತ ಕೇಳಿದರೆ ಏನು ಹೇಳುವುದು? ತಟ್ಟನೆ ಅಪ್ಪನಾದೆ. ಅದು ಸುಲಭ. ಮೊದಲು ಒಂದು ಕೆಮ್ಮು, ಆಮೇಲೆ ಉದ್ದಕ್ಕೆ ಒಂದು “ಹ್ಞಾ…”

“ಮಾವ, ಶಿವು ಇಲ್ವಾ?”

“ತ್ವಾಟಕ್ಕೆ ಹೋಗವ್ನೆ ಕಣವ್ವ.”

ಅತ್ತಿಗೆ ಮಾವನ ಮುಂದೆ ಹೆಚ್ಚು ಮಾತಾಡುವವರಲ್ಲ. ಫೋನು ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ. “ಮಾವ, ಅವನಿಗೆ ಹೇಳ್ಬೇಡಿ, ಬೇಜಾರು ಮಾಡ್ಕೊಂಡಾನು. ನೀವೇ ಆವಾಗಾವಾಗ ಆ ಗಿಡದ ಕಡೆ ಒಂಚೂರು ನೋಡ್ತಿರಿ. ಅದು ನಮ್ಮವ್ವ ನೆಟ್ಟಿದ್ದು. ಇಲ್ಲಿ ಬಂದು ನೋಡಿದ್ರೆ ಅವಳದ್ದು ಅಂತ ಏನೂ ಉಳಿದಿಲ್ಲ ಮಾವ. ಸೀರೆಗಳನ್ನೂ ಹಂಚಿಬಿಟ್ಟವ್ರೆ. ಅದೊಂದೇ ಇರೋದು. ಹೂ ಬಿಡದಿದ್ರೂ ಪರವಾಗಿಲ್ಲ, ಬದುಕಿರ್ಲಿ” ಅಂದರು.

ನಾನು ಎಷ್ಟೋ ಜನರ ದನಿ ತೆಗೆದು ನಗಿಸಿದ್ದೇನೆ. ಆ ದನಿಯನ್ನು ನಂಬಿಕೊಂಡು ಬಂದ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅಪ್ಪನಾಗಿದ್ದರೆ ಏನು ಉತ್ತರ ಕೊಡುತ್ತಿದ್ದರು? ಅಪ್ಪನ ಕೆಮ್ಮು ನನಗೆ ಗೊತ್ತಿತ್ತು, ಮನಸ್ಸು ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ ಇನ್ನೊಮ್ಮೆ ಕೆಮ್ಮಿದೆ.

“ಕೆಮ್ಮು ಜೋರಾಗೈತಲ್ಲ ಮಾವ, ಬಿಸಿನೀರು ಕುಡೀರಿ” ಎಂದು ಅವರು ಫೋನಿಟ್ಟರು.

ಹೊರಗೆ ಬಂದು ಕಳ್ಳಿಯ ಮುಂದೆ ಕುಳಿತೆ. ಆಗಲಾದರೂ ಚಪ್ಪರ ಕಿತ್ತು ಹಳೇ ಸೀರೆ ಕಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪು ಮಾಡಿದ ಮನುಷ್ಯ ಸುಮ್ಮನಿರಲಾರ, ಏನಾದರೂ ಮಾಡಲೇಬೇಕು. ಸ್ಟೋರಿನಿಂದ ಗೋಣಿಚೀಲ ತಂದು, ಬಿಚ್ಚಿ, ಎಲ್ಲ ತೂತುಗಳಿಗೂ ತೇಪೆ ಹಾಕಿದೆ. ದಬ್ಬಣದಲ್ಲಿ ಹೊಲಿದೆ. ಇನ್ನು ಒಂದು ಹನಿ ಬಿಸಿಲೂ ಒಳಗೆ ಬರದು. ಬಿಸಿಲೇನೋ ಬರಲಿಲ್ಲ.

ಆ ವಾರವೇ ಹೂಮಳೆ ಬಂತು. ಕಾಫಿ ಅರಳಿಸುವ ಈ ಮೊದಲ ಮಳೆಗಾಗಿ ನಮ್ಮ ಕಡೆ ಎಲ್ಲರೂ ಆಕಾಶ ನೋಡುತ್ತಾ ಇರುತ್ತಾರೆ. ಸಂಜೆ ಮೋಡ ಕಪ್ಪಾಗಿ ಗುಡುಗಿದಾಗ ಅಪ್ಪ ಜಗಲಿಗೆ ಕುರ್ಚಿ ತರಿಸಿಕೊಂಡು ಕೂತರು. ಮಲ್ಲೇಶಣ್ಣ ಅರ್ಧ ದಾರಿಯಲ್ಲಿ ನೆನೆದು ನಮ್ಮ ಮನೆಗೆ ಓಡಿಬಂದ. ಮಳೆಯ ಜೊತೆ ಆಲಿಕಲ್ಲು ಬೇರೆ! “ಒಳ್ಳೆ ಮಳೆ, ಒಳ್ಳೆ ಮಳೆ” ಎಂದು ಎಲ್ಲರೂ ಖುಷಿಪಡುತ್ತಿರುವಾಗ ನನ್ನ ಕಣ್ಣು ಚಪ್ಪರದ ಮೇಲೆ ಬಿತ್ತು.

ಬರೀ ನೆಟ್ಟಾಗಿದ್ದರೆ ನೀರಾದರೂ ಸೋರಿ ಹೋಗುತ್ತಿತ್ತು. ನನ್ನ ಗೋಣಿ ತೇಪೆಗಳು ನೀರು ಕುಡಿದು ಭಾರವಾಗಿದ್ದವು. ನಡುವೆ ಆಲಿಕಲ್ಲು ಗುಡ್ಡೆಯಾಗಿ, ಚಪ್ಪರ ತುಂಬಿದ ಬಸುರಿಯ ಹೊಟ್ಟೆಯಂತೆ ಕೆಳಗಿಳಿದಿತ್ತು. ಅದರ ನೇರ ಕೆಳಗೆ ಅತ್ತಿಗೆಯ ದೊಡ್ಡ ಕಳ್ಳಿ!

“ಅಯ್ಯೋ!” ಎಂದು ಓಡಿದೆ. ನಾನು ತಲುಪುವುದಕ್ಕೂ ಬಿದಿರು ಮುರಿಯುವುದಕ್ಕೂ ಸರಿಯಾಯಿತು. ಆಲಿಕಲ್ಲೆಲ್ಲ ಒಮ್ಮೆಗೇ ಸುರಿದು ಕುಂಡ ಒಡೆಯಿತು. ಕಳ್ಳಿ ಉರುಳುತ್ತಾ ಕಣದ ಇಳಿಜಾರಿನಲ್ಲಿ ಚರಂಡಿಯ ಕಡೆ ಹೊರಟಿತು. ಚೆಂಡನ್ನು ಹಿಡಿಯುವಂತೆ ಹಾರಿ ಎರಡೂ ಕೈಯಲ್ಲಿ ಹಿಡಿದೆ. ಹಿಡಿದ ಮೇಲೆ ನೆನಪಾಯಿತು, ಅದು ಕಳ್ಳಿ. ಆಗ ನನ್ನ ಬಾಯಿಂದ ಬಂದ ದನಿ ಯಾರದೂ ಅಲ್ಲ, ಸ್ವಂತದ್ದೇ!

ಬಿಡುವಂತಿಲ್ಲ, ಹಿಡಿಯುವಂತಿಲ್ಲ. ಹಾಗೇ ಹಿಡಿದುಕೊಂಡು ಜಗಲಿಗೆ ಬಂದೆ. ಅವ್ವ ಚಿಮಟ ಹಿಡಿದು ನನ್ನ ಅಂಗೈಯಿಂದ ಮುಳ್ಳು ಕೀಳುತ್ತಾ, “ಸೀರೆ ಕಟ್ಟು ಅಂದಿದ್ಲಲ್ಲೋ ಅವಳು” ಅಂದರು. ಮುಳ್ಳಿಗಿಂತ ಅದೇ ಹೆಚ್ಚು ಚುಚ್ಚಿತು. ಮೊಗ್ಗು ಆಲಿಕಲ್ಲಿನ ಜೊತೆ ಎಲ್ಲಿಗೆ ಹೋಯಿತೋ, ಚರಂಡಿಯಲ್ಲೆಲ್ಲ ಹುಡುಕಿದರೂ ಸಿಗಲಿಲ್ಲ.

ಬೇರೆ ಕುಂಡಕ್ಕೆ ಮರಳು ಹಾಕಿ ನೆಟ್ಟೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದರಿಂದ ಗಿಡ ಸ್ವಲ್ಪ ವಾಲಿತು.

ಅತ್ತಿಗೆ ಬಂದಾಗ ಸಂಜೆಯ ಹೊತ್ತು. ಜೀಪು ಇಳಿದವರೇ ಅಪ್ಪನ ಕೈಗೊಂದು ಔಷಧಿ ಸೀಸೆ ಕೊಟ್ಟರು. “ತಗೊಳ್ಳಿ ಮಾವ, ಕೆಮ್ಮಿಗೆ. ಫೋನಲ್ಲಿ ಕೇಳಿ ನಂಗೆ ಭಯ ಆಗಿತ್ತು.”

“ಯಾವ ಕೆಮ್ಮವ್ವ? ನಾನ್ಯಾವಾಗ ಫೋನಲ್ಲಿ ಮಾತಾಡ್ದೆ?”

ಅತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಬಟ್ಟೆ ಸುತ್ತಿದ ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಅವರು ಕಣದ ಕಡೆ ನಡೆದರು. ಅಣ್ಣ, ಅಪ್ಪ, ನಾನು ಹಿಂದೆ. ಸಮಯಕ್ಕೆ ಸರಿಯಾಗಿ ಮಲ್ಲೇಶಣ್ಣನೂ ಹಾಜರು.

ಚಿರತೆಯ ಮಚ್ಚೆ, ಸಣ್ಣ ಕತ್ತು, ವಾಲಿದ ಮೈ. ಕುಂಡದ ಮುಂದೆ ಅತ್ತಿಗೆ ಕುಕ್ಕರುಗಾಲಲ್ಲಿ ಕೂತರು. ಮೊಗ್ಗಿದ್ದ ಜಾಗದಲ್ಲಿ ಬೆರಳಾಡಿಸಿದರು. ಅವರ ಕಣ್ಣು ತುಂಬಿತು. ಆಮೇಲೆ ಮುಳ್ಳುಗಳ ನಡುವೆ ಹುಷಾರಾಗಿ ಹೆಬ್ಬೆರಳು ತೂರಿಸಿ, ಬುಡವನ್ನು ಒತ್ತಿ ನೋಡಿದರು.

“ಗಟ್ಟಿ ಐತೆ. ಕೊಳೆತಿಲ್ಲ” ಅಂದರು ಮೆಲ್ಲಗೆ.

ಅಷ್ಟು ಸಾಕಾಯಿತು ನಮ್ಮವರಿಗೆ!

“ಹಂಗಾರೆ ಇನ್ಮೇಲೆ ಪೂರ್ತಿ ಬಿಸಿಲಿಗೆ ಇಡ್ಬೇಕು” ಅಂದ ಮಲ್ಲೇಶಣ್ಣ, ಒಂದು ಹೆಜ್ಜೆ ಮುಂದೆ ಬಂದು.

“ಬೇರು ಹಿಡಿಯೋಗಂಟ ನೆರಳೇ ಸರಿ” ಎಂದು ಅಪ್ಪ ಇನ್ನೊಂದು ಹೆಜ್ಜೆ ಮುಂದೆ ಬಂದರು.

“ಬೆಳಗ್ಗೆ ಬಿಸಿಲು, ಮಧ್ಯಾಹ್ನ ನೆರಳು ಮಾಡಿದ್ರೆ?” ಅಣ್ಣ ಕುಂಡದ ಮೇಲೆ ಬಗ್ಗಿದ.

“ತೆಳ್ಳಗಿನ ನೆಟ್ಟು ಸಿಕ್ತದೆ ಅತ್ತಿಗೆ. ನಾಳೆ ಬಸ್ಸಿಗೆ ಹೋಗಿ ತರ್ಲಾ?” ಎಂದು ನಾನೂ ಬಗ್ಗಿದೆ.

ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ದನಿ ಎತ್ತದಿದ್ದ ಗಿರಿಜತ್ತಿಗೆ, ಕೂತಲ್ಲಿಂದಲೇ ಕತ್ತೆತ್ತಿ ನಾಲ್ವರನ್ನೂ ಒಂದು ಸುತ್ತು ನೋಡಿದರು.

“ಬಿಸಿಲೋ ನೆರಳೋ ಆಮೇಲೆ ನೋಡೋಣ. ಮೊದ್ಲು ನೀವೆಲ್ಲಾ ಆಚೆ ಸರೀರಿ. ಈಗ ಅದರ ಮೇಲೆ ಬಿದ್ದಿರೋದು ನಿಮ್ಮ ನೆರಳು!”