ನಾಲ್ಕು ಗೋಡೆಗೆ ಒಂದು ಕೆನೆ ಬಣ್ಣ

ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವರನ್ನು ಮನೆಗೆ ಬಣ್ಣ ಹೊಡೆಸುವ ದಿನಗಳಲ್ಲಿ ದೂರದ ನೆಂಟರ ಮನೆಗೆ ಕಳಿಸಿಬಿಡುವುದು ಕ್ಷೇಮ. ಇದನ್ನು ಪಶ್ಚಾತ್ತಾಪದಿಂದ ಹೇಳುತ್ತಿದ್ದೇನೆ. ತಪ್ಪನ್ನು ಪೂರ್ತಿ ಒಪ್ಪಿಕೊಂಡು ಅಲ್ಲ. ಆಗಷ್ಟೇ ಕಾಲೇಜು ಮುಗಿಸಿದ್ದ ನನಗೆ ವಾದಕ್ಕೆ ಎದುರಾಳಿಗಳೇ ಸಿಗುತ್ತಿರಲಿಲ್ಲ. ಅಪ್ಪ ನಾನು ಬಾಯಿ ತೆರೆಯುವ ಮೊದಲೇ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಉಳಿದವಳು ಅಮ್ಮ.

ಲಕ್ಷ್ಮೀಪುರಂನ ನಮ್ಮ ಮನೆಯ ಹಾಲ್ ನಾನು ಹುಟ್ಟುವ ಮೊದಲಿನಿಂದ ಹಸಿರು. ಆ ಹಸಿರಿನ ಮುಂದೆ ದಸರಾ ಗೊಂಬೆಗಳೆಲ್ಲ ಕಾಮಾಲೆ ಬಂದವರಂತೆ ಕಾಣುತ್ತವೆಂಬುದು ಅಮ್ಮನ ಹಳೆಯ ದೂರು. ಆ ವರ್ಷ ಅಪ್ಪನನ್ನು ಹೇಗೋ ಒಪ್ಪಿಸಿದ್ದಳು. "ಬಿಳಿ ಅಲ್ಲ, ಹಳದೀನೂ ಅಲ್ಲ. ಕೆನೆ ಥರ ಇರ್ಬೇಕು, ನೋಡಿದ್ರೆ ಬೆಚ್ಚಗನ್ನಿಸ್ಬೇಕು" ಎನ್ನುವುದು ಬೇಡಿಕೆ. ಬಣ್ಣ ಹೊಡೆಯುವ ಅಂತೋಣಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಶನಿವಾರ ಸಂಜೆ ತಂಕ ನಿಮ್ಮೋನು ಅಮ್ಮಾವ್ರೇ. ಭಾನುವಾರ ಚರ್ಚು, ಸೋಮವಾರದಿಂದ ಹಿನಕಲ್‌ನಲ್ಲಿ ಮದುವೆ ಮನೆ. ಆಮೇಲೆ ದಸರಾ ಕಳೆದ್ಮೇಲೇ ನಾನು ಸಿಗೋದು."

ಅಂಗಡಿಯವನು ಕೊಟ್ಟ ಕಾರ್ಡಿನಲ್ಲಿ ಒಂಬತ್ತು ಕೆನೆ ಬಣ್ಣಗಳಿದ್ದವು. ಅಮ್ಮ ಟ್ರಂಕಿನಿಂದ ಪಟ್ಟದ ಗೊಂಬೆಯ ರಾಣಿಯನ್ನು ಅವಧಿಗೆ ಮುಂಚೆಯೇ ಎಬ್ಬಿಸಿ, ಅವಳ ಕೆನ್ನೆಗೆ ಕಾರ್ಡು ತಾಗಿಸಿ ನೋಡತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಒಂಬತ್ತೂ ಒಂದೇ ಬಣ್ಣ. ಹೆಸರು ಮಾತ್ರ ಬೇರೆ."

"ನಿನ್ನ ಕಣ್ಣಿಗೆ ಉಪ್ಪಿಟ್ಟೂ ಕೇಸರಿಬಾತೂ ಒಂದೇ ಕಣೋ, ಸುಮ್ನಿರು."

ಸುಮ್ಮನಿರುವುದು ನನ್ನ ತರಬೇತಿಯಲ್ಲಿರಲಿಲ್ಲ. ಗುರುವಾರ ಅಮ್ಮ ತರಕಾರಿಗೆ ಹೋದಾಗ ಅಂತೋಣಪ್ಪನವರಿಗೆ ಕಾಫಿ ಕೊಟ್ಟು ಒಳಸಂಚು ಮಾಡಿದೆ. ನಾಲ್ಕು ಗೋಡೆಗೂ ಒಂದೊಂದು ಚೌಕ ಬಣ್ಣ, ಎಲ್ಲಕ್ಕೂ ಒಂದೇ ಡಬ್ಬದಿಂದ. ಅಮ್ಮನಿಗೆ ಮಾತ್ರ ನಾಲ್ಕು ಬಣ್ಣ ಎಂದು ಹೇಳುವುದು. ಸಂಜೆ ಅಮ್ಮ ರಾಣಿಯನ್ನು ಕಂಕುಳಲ್ಲಿ ಎತ್ತಿಕೊಂಡು ಸುತ್ತು ಬಂದಳು. ಕಿಟಕಿ ಪಕ್ಕದ್ದು ಗಂಜಿ ತಿಳಿ. ಅಡುಗೆಮನೆ ಕಡೆಯದ್ದು ಹಳೇ ಪಂಚೆ. ಬಾಗಿಲ ಹತ್ತಿರದ್ದು ಆಸ್ಪತ್ರೆ. ದೇವರಮನೆ ಪಕ್ಕದ್ದು ಮಾತ್ರ, "ಆಹಾ, ಇದೇ ಕಣೋ ಕೆನೆ!"

"ನಾಲ್ಕೂ ಒಂದೇ ಡಬ್ಬ!" ಎಂದು ತೀರ್ಪುಗಾರರ ಮುಂದೆ ನಿಂತವನಂತೆ ಕೈ ಎತ್ತಿ ಘೋಷಿಸಿದೆ.

ಅಮ್ಮ ಬೆಚ್ಚಿಬಿದ್ದದ್ದು ನಿಜ. ಆದರೆ ನಾನೆಣಿಸಿದ ಕಾರಣಕ್ಕಲ್ಲ. "ಅಯ್ಯೋ, ಅಂದ್ರೆ ಒಂದೇ ಡಬ್ಬ ಬಳಿದ್ರೆ ನಾಲ್ಕು ಗೋಡೆ ನಾಲ್ಕು ಥರ ಕಾಣುತ್ತೆ! ಸದ್ಯ, ಮೊದಲೇ ಗೊತ್ತಾಯ್ತು. ಅಂತೋಣಪ್ಪ, ನಾಲ್ಕು ಗೋಡೆಗೂ ಬೇರೆ ಬೇರೆ ಬೆರೆಸಿ. ಎಲ್ಲಾ ಈ ದೇವರಮನೆ ಪಕ್ಕದ್ದರ ಥರಾನೇ ಕಾಣ್ಬೇಕು."

"ಬೆಳಕು ಒಂದೊಂದು ಕಡೆ ಒಂದೊಂದು ಥರ ಬೀಳುತ್ತೆ, ಅಮ್ಮಾವ್ರು ಹೇಳೋದು ಸರಿ" ಎಂದರು, ನನ್ನ ಕಾಫಿ ಕುಡಿದಿದ್ದ ಮನುಷ್ಯ.

ಪತ್ರಿಕೆಯ ಹಿಂದಿನಿಂದ ಅಪ್ಪ ನಕ್ಕ ಸದ್ದು ಕೇಳಿಸಿತು.

ಆಗ ಬಣ್ಣ ಬೆರೆಸುವ ಯಂತ್ರಗಳು ನಮ್ಮ ಕಡೆ ಬಂದಿರಲಿಲ್ಲ, ಎಲ್ಲವೂ ಕಣ್ಣಳತೆ. ಹನಿ ಹನಿ ಹಾಕಿ, ಬಳಿದು, ಒಣಗಿಸಿ, ರಾಣಿಯ ಒಪ್ಪಿಗೆ ಪಡೆಯುವಷ್ಟರಲ್ಲಿ ಶನಿವಾರ ಮುಗಿಯಿತು. ಮೂರು ಗೋಡೆ ಕೆನೆಯಾಗಿದ್ದವು. ಗೊಂಬೆ ಕೂರಿಸಬೇಕಾದ ನಾಲ್ಕನೆಯದು ಮಾತ್ರ ಹಸಿರಾಗಿಯೇ ಇತ್ತು. ಅಂತೋಣಪ್ಪ ನನ್ನ ಕೈಗೆ ಬ್ರಷ್ಷು ಕೊಟ್ಟರು. "ಹಳದಿ ಒಂದಿಷ್ಟು, ಕೆಂಪು ಒಂಚೂರು. ನೋಡ್ಕೊಂಡು ಹಾಕ್ಬುಡಿ ತಮ್ಮ."

"ಒಂಚೂರು ಅಂದ್ರೆ ಎಷ್ಟು ಹನಿ?" ಎಂದು ಕೇಳಿದೆ. ಅವರ ಸೈಕಲ್ಲು ಆಗಲೇ ತಿರುವಿನಲ್ಲಿತ್ತು.

ಭಾನುವಾರ ನಾನು ಐದು ಬಕೆಟ್ ಬೆರೆಸಿದೆ. ಪ್ರತಿ ಬಕೆಟ್ಟೂ ಹಿಂದಿನದರ ತಪ್ಪನ್ನು ತರ್ಕಬದ್ಧವಾಗಿ ತಿದ್ದುತ್ತಿತ್ತು. ಗೋಡೆ ಮೇಲಿನಿಂದ ಕೆಳಕ್ಕೆ ರವೆಉಂಡೆ, ಬಿಸ್ಕತ್ತು, ಚಹಾ ಎಂದು ಇಳಿಯುತ್ತಾ ಬಂದು ನೆಲದ ಹತ್ತಿರ ಬಿಸಿಬೇಳೆಬಾತ್ ಆಯಿತು. ಅಮ್ಮ ಬೈಯಲಿಲ್ಲ. ಗೋಡೆಯನ್ನು ಸೂರಿನಿಂದ ನೆಲದ ತನಕ ನೋಡಿ, "ವರ್ಷಾ ವರ್ಷಾ ಗೊಂಬೆಗೆ ಐದು ಮೆಟ್ಟಿಲು ಜೋಡಿಸ್ತಿದ್ವಿ. ಈ ಸಲ ಸೂರಿನ ತನಕ ಹೋಗ್ಲಿ" ಎಂದಳು. ಟ್ರಂಕು, ಬೆಂಚು, ಅಪ್ಪನ ಹಳೇ ಪತ್ರಿಕೆಗಳ ಕಟ್ಟುಗಳೆಲ್ಲ ಮೆಟ್ಟಿಲಾದವು.

ದಸರೆಗೆ ಬಂದ ಹೆಂಗಸರು ಬೆರಗಾದರು. "ಏನ್ ಕಣ್ರೀ ಇದು, ಗೋಡೆ ತುಂಬಾ ಗೊಂಬೆ! ಯಾರ ಐಡಿಯಾ?"

"ನಮ್ಮ ಹುಡುಗಂದು. ಪಾಪ, ಇಡೀ ಭಾನುವಾರ ಕಷ್ಟಪಟ್ಟ" ಎಂದಳು ಅಮ್ಮ.

ಎಲ್ಲರೂ ನನ್ನತ್ತ ತಿರುಗಿ ಮೆಚ್ಚಿಗೆಯಿಂದ ನೋಡಿದರು. ಉತ್ತರಿಸಲು ಮುಂದೆ ಬರುವಂತಿರಲಿಲ್ಲ. ಎಷ್ಟು ಜೋಡಿಸಿದರೂ ಬಲಗಡೆ ಒಂದು ಆಳಿನಗಲ ಗೋಡೆ ಮುಚ್ಚದೆ ಉಳಿದುಬಿಟ್ಟಿತ್ತು. ಒಂಬತ್ತು ದಿನವೂ ಸಂಜೆ ಆರತಿ ಮುಗಿಯುವ ತನಕ ಮಕ್ಕಳಿಗೆ ಹಂಚುವ ತಿಂಡಿ ತಟ್ಟೆ ಹಿಡಿದು, ಅದಕ್ಕೆ ಬೆನ್ನು ಕೊಟ್ಟು ನಾನೇ ನಿಂತಿರಬೇಕಾಗಿತ್ತು.