ಡ್ಯೂಟಿಗೆ ಬಾರದ ದೆವ್ವಗಳು

ನಮ್ಮ ಅತ್ತೆಗೆ ದೆವ್ವಗಳ ಮೇಲೆ ಅಪಾರ ಗೌರವ. ಸಿಟ್ಟೇನಿದ್ದರೂ ಈಗಿನ ದೆವ್ವಗಳ ಮೇಲೆ. ಯಾಕೆಂದು ಕೇಳಿದರೆ, "ಡ್ಯೂಟಿ ಸರಿಯಾಗಿ ಮಾಡಲ್ಲ ಕಣೇ" ಅನ್ನುತ್ತಾರೆ!

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಜಯನಗರದಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇದ್ದಾರೆ. ಮದುವೆಯಾಗಲಿಲ್ಲ, ದೆವ್ವಕ್ಕೂ ಹೆದರಲಿಲ್ಲ. ಎರಡಕ್ಕೂ ಕಾರಣ ಒಂದೇ ಎಂದು ಅವರೇ ಹೇಳಿಕೊಳ್ಳುತ್ತಾರೆ. ನಿವೃತ್ತಿಯವರೆಗೂ ಒಂದು ಸರ್ಕಾರಿ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಂಡವರು. ಕಚೇರಿ ಬಿಟ್ಟರೂ ಆ ಪುಸ್ತಕ ಅವರ ತಲೆಯಿಂದ ಇಳಿದಿಲ್ಲ. ಹಾರರ್ ಸಿನಿಮಾದ ಇಂಟರ್ವಲ್‌ನಲ್ಲಿ ದೀಪ ಹತ್ತಿದ್ದೇ ತಡ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳುತ್ತಾರೆ: "ಇನ್ನೂ ಬಂದಿಲ್ವಲ್ಲೇ ಇದು! ನಮ್ಮ ಆಫೀಸಲ್ಲಾಗಿದ್ರೆ ಅರ್ಧ ದಿನದ ರಜಾ ಕಟ್ ಮಾಡ್ತಿದ್ದೆ."

ಇಂಥವರ ಪಕ್ಕದಲ್ಲಿ ಕೂರುವವಳು ನಾನು. ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ನಮ್ಮ ಮನೆಯ ಫ್ರಿಜ್ ಮೇಲೆ ಜಾಗವಿಲ್ಲದೆ ಒಂದರ ಮೇಲೊಂದು ಮಲಗಿವೆ. ದೆವ್ವ, ಜಾತಕ, ದೃಷ್ಟಿ, ಬೆಕ್ಕು ಅಡ್ಡ ಬರುವುದು, ಯಾವುದನ್ನೂ ನಾನು ನಂಬುವುದಿಲ್ಲ. ಅತ್ತೆ ನನ್ನನ್ನು ಕರೆಯುವುದೇ ಲಾಯರಮ್ಮ ಅಂತ.

ಮೊದಲು ಅವರು ನನ್ನನ್ನು ಕರೆದುಕೊಂಡು ಹೋಗಿದ್ದು ನಮ್ಮ ಬಡಾವಣೆಯ ಟಾಕೀಸಿಗೆ. ಆಗ ನನಗೆ ಹತ್ತು ವರ್ಷ. ಭಾನುವಾರದ ಮ್ಯಾಟಿನಿ. ಕುರ್ಚಿಯ ಸ್ಪಂಜನ್ನು ನನಗಿಂತ ಮುಂಚೆ ಎಷ್ಟೋ ಮಕ್ಕಳು ಕಿತ್ತಿದ್ದರು. ನಾನೂ ನನ್ನ ಪಾಲಿನದನ್ನು ಕಿತ್ತೆ. ತೆರೆಯ ಮೇಲೆ ಬಿಳಿ ಸೀರೆ, ಕೈಯಲ್ಲಿ ಮೇಣದ ಬತ್ತಿ, ಗಾಳಿಗೆ ಬಡಿದುಕೊಳ್ಳುವ ಕಿಟಕಿ, ಕಟ್ಟಕಡೆಗೆ ನಿಂಬೆಹಣ್ಣು ಹಿಡಿದ ಮಂತ್ರವಾದಿ. ನಾಯಕಿ ಮುಚ್ಚಿದ್ದ ಒಂದು ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಬಾಲ್ಕನಿಯಿಂದ ಒಬ್ಬಾಕೆ ಕೂಗಿದರು, "ತೆಗೀಬೇಡಮ್ಮಾ!" ಹಿಂದಿನ ಸಾಲಿನ ಅಂಕಲ್ ಸಮಾಧಾನ ಮಾಡಿದರು, "ತೆಗೀತಾಳೆ ಮೇಡಂ. ತೆಗೀದಿದ್ರೆ ಸಿನಿಮಾ ಇಲ್ಲಿಗೇ ಮುಗಿದುಹೋಗುತ್ತೆ!" ಇಡೀ ಟಾಕೀಸು ನಕ್ಕಿತು. ನಗುತ್ತಿರುವಾಗಲೇ ಬಾಗಿಲು ತೆರೆಯಿತು, ಇಡೀ ಟಾಕೀಸು ಕಿರುಚಿತು. ಕಿರುಚಿದ್ದಕ್ಕೆ ಮತ್ತೆ ನಕ್ಕಿತು. ಆಗ ಅತ್ತೆಯ ಕೈ ಹಿಡಿದುಕೊಂಡಿದ್ದವಳು ನಾನು.

ಆ ಟಾಕೀಸು ಈಗಿಲ್ಲ. ಅದರ ಜಾಗದಲ್ಲಿ ಟೈಲ್ಸ್ ಅಂಗಡಿ, ಮೇಲೆ ಫ್ಲ್ಯಾಟುಗಳು. ಅದರ ಮುಂದೆ ಹೋಗುವಾಗಲೆಲ್ಲ, ಬಾಲ್ಕನಿ ಇದ್ದ ಎತ್ತರದಲ್ಲಿ ಈಗ ಯಾರದೋ ಅಡುಗೆಮನೆ ಇರಬೇಕಲ್ಲ ಎಂದು ಕತ್ತೆತ್ತಿ ನೋಡುತ್ತೇನೆ. ಅಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಬಿಳಿ ಸೀರೆಯಿದ್ದರೆ ಒಂದು ಕ್ಷಣ ಖುಷಿಯಾಗುತ್ತದೆ.

ಅತ್ತೆ ಸಿನಿಮಾಗಳನ್ನು ಅಳೆಯುವುದು ಕೋಡುಬಳೆಯಿಂದ. ಮನೆಯಿಂದ ಕೋಡುಬಳೆ ಒಯ್ಯುತ್ತಾರೆ. ತಿಂದು ಮುಗಿದರೆ ಸಿನಿಮಾ ದಂಡ. ಅರ್ಧ ಉಳಿದರೆ ಪರವಾಗಿಲ್ಲ. ಕೈಯಲ್ಲಿ ಹಿಡಿದ ಕೋಡುಬಳೆ ಕೊನೆಯವರೆಗೂ ಬಾಯಿ ಮುಟ್ಟದೆ ಉಳಿದರೆ ಅದು ಉತ್ತಮೋತ್ತಮ. ಹಾಗೆ ಉಳಿದದ್ದು ಜೀವನದಲ್ಲಿ ಮೂರೇ ಸಲವಂತೆ. ಮಾಲ್ ಬಂದ ಮೇಲೆ ಇದಕ್ಕೂ ಕಷ್ಟವಾಯಿತು. ಹೊರಗಿನ ತಿಂಡಿ ಬಿಡುವುದಿಲ್ಲವಲ್ಲ! ಜೆ.ಪಿ. ನಗರದ ಮಾಲ್‌ನಲ್ಲಿ ಸೆಕ್ಯೂರಿಟಿ ಹುಡುಗಿ ಅವರ ಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಅಲುಗಾಡಿಸಿದಳು. ಕಟಕಟ ಎಂದಿತು.

"ಏನಿದು ಆಂಟಿ?"

"ಕನ್ನಡಕ ಒಡೆದುಹೋಗಿದೆ ಕಣಮ್ಮ."

ಹುಡುಗಿ ಡಬ್ಬಿಯನ್ನು ಮೂಸಿ ನೋಡಿದಳು. "ಓಂಕಾಳು ಹಾಕಿದೀರಾ ಆಂಟಿ?"

"ಎಳ್ಳೂ ಹಾಕಿದೀನಿ. ತಗೋ, ನೀನೂ ಒಂದು ಕನ್ನಡಕ ತಿನ್ನು."

ಅಂದಿನಿಂದ ಆ ಹುಡುಗಿಯ ಡ್ಯೂಟಿ ಇದ್ದ ದಿನವೇ ನಮ್ಮ ಸಿನಿಮಾ.

ಸಿನಿಮಾ ಮುಗಿದ ಮೇಲೆ ನಮ್ಮಿಬ್ಬರ ಚರ್ಚೆ. ಹಾರರ್ ಸಿನಿಮಾ ಮೋಜಾಗಿರಬೇಕೇ, ಬೇಡವೇ? ನನ್ನದು ವಿರೋಧ ಪಕ್ಷ. ಹಳೆಯ ದೆವ್ವ ಸೇಡಿಗಾಗಿ ಬರುತ್ತಿತ್ತು, ಹೊಸ ಸಿನಿಮಾದ ದೆವ್ವ ಮನುಷ್ಯನೊಳಗಿನ ದುಃಖ; ಅದಕ್ಕೆ ಬಿಳಿ ಸೀರೆ ಬೇಡ, ಖಾಲಿ ಕಾರಿಡಾರ್, ಗೋಡೆಯಾಚೆಯ ಒಂದು ಉಸಿರು ಸಾಕು; ಭಯವನ್ನು ಸರ್ಕಸ್ ಮಾಡಿದ ಕಾಲ ಮುಗಿಯಿತು ಎಂದು ನಾನು ವಾದಿಸುತ್ತಿದ್ದೆ.

"ದುಃಖ ನೋಡೋಕೆ ನಾನ್ಯಾಕೆ ಆಟೋ ಮಾಡ್ಕೊಂಡು ಇಷ್ಟು ದೂರ ಬರ್ಬೇಕು? ಎದುರುಮನೆಯವಳ ಹತ್ರ ಐದು ನಿಮಿಷ ನಿಂತ್ರೆ ಸಾಕಲ್ವಾ!" ಎನ್ನುತ್ತಿದ್ದರು ಅತ್ತೆ. "ಎಲ್ಲರೂ ಒಟ್ಟಿಗೆ ಹೆದರ್ಬೇಕು, ಹೆದರಿದ್ದಕ್ಕೆ ಒಟ್ಟಿಗೆ ನಗ್ಬೇಕು. ಒಬ್ಬೊಬ್ಬರೇ ಹೆದರ್ಕೊಳ್ಳೋದಾದ್ರೆ ಡಾಕ್ಟ್ರ ಹತ್ರ ಬ್ಲಡ್ ಟೆಸ್ಟ್ ರಿಪೋರ್ಟ್ ತರೋಕೆ ಹೋದ್ರಾಯ್ತು."

ನನ್ನ ಬಳಿ ಒಂದು ಸಾಕ್ಷ್ಯವಿತ್ತು. ಒಂದೆರಡು ವರ್ಷದಿಂದ ಸಿನಿಮಾ ಶುರುವಾದ ಕೂಡಲೇ ಅತ್ತೆ ನನ್ನ ಎಡಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಹಿಡಿತವೆಂದರೆ ಹಿಡಿತ! ಹೊರಗೆ ಬಂದಾಗ ಅವರ ಬಳೆಗಳ ಗುರುತು ನನ್ನ ಚರ್ಮದ ಮೇಲೆ ಸಾಲಾಗಿ ಮೂಡಿರುತ್ತಿತ್ತು. ಭಯದ ಜಾಗ ಬಂತೆಂದರೆ ಕಿರುಚುವುದೂ ಇತ್ತು.

"ಅಷ್ಟು ಮೋಜಾಗಿದ್ರೆ ಕೈ ಯಾಕೆ ಹಿಡ್ಕೊಳ್ತೀರಾ ಅತ್ತೆ?"

"ನಿಂಗೆ ಭಯ ಆಗ್ಬಾರ್ದು ಅಂತ."

"ನಂಗೆ ಭಯ ಆಗೋದೇ ಇಲ್ಲ."

"ಹೂಂ, ಹೂಂ."

ಈ ಹೂಂಗುಟ್ಟುವಿಕೆಯನ್ನು ಖಂಡಿಸುವ ವಿದ್ಯೆಯನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ಎಡವಟ್ಟಾಗಿದ್ದು ಗಣೇಶನ ಹಬ್ಬದ ಊಟದಲ್ಲಿ. ನಮ್ಮ ಮನೆಯ ತುಂಬ ನೆಂಟರು. ಅತ್ತೆ ಹೋಳಿಗೆ ಮುರಿಯುತ್ತಾ, ಹಿಂದಿನ ವಾರ ನಾವಿಬ್ಬರೂ ನೋಡಿದ ಸಿನಿಮಾದ ವಿಚಾರಣೆ ಶುರುಮಾಡಿದರು. "ಆ ದೆವ್ವಕ್ಕೆ ಒಂದು ಗೆಜ್ಜೆ ಕೂಡ ಇಲ್ಲ ಕಣ್ರೀ! ಗೆಜ್ಜೆ ಕಟ್ಟದೆ ಡ್ಯೂಟಿಗೆ ಬರೋದಾ?"

ಸಿಕ್ಕಿದರಲ್ಲ ಎಂದುಕೊಂಡೆ. ಆ ಇಡೀ ಸಿನಿಮಾ ನಿಂತಿದ್ದೇ ಗೆಜ್ಜೆಯ ಸದ್ದಿನ ಮೇಲೆ! ಗೋಡೆಯ ಹಿಂದೆ, ತೀರ ಸಣ್ಣಗೆ. ನಾನು ಎಲೆಯ ಮುಂದೆ ಕೂತಲ್ಲೇ ವೇದಿಕೆ ಹತ್ತಿಬಿಟ್ಟೆ.

"ಗೆಜ್ಜೆ ಏಳು ಸಲ ಕೇಳ್ಸುತ್ತೆ ಅತ್ತೆ. ನಾನು ಎಣಿಸಿದೀನಿ. ಅಂದ್ಮೇಲೆ ಎರಡೇ ಸಾಧ್ಯತೆ. ಒಂದು, ನೀವು ನಿದ್ದೆ ಮಾಡಿದ್ರಿ. ಎರಡು, ನಿಮಗೆ ಹೊಸ ಸಿನಿಮಾ ಅರ್ಥ ಆಗಲ್ಲ. ಯಾವುದು, ಹೇಳಿ."

ಎಲ್ಲರೂ ಹೋ ಎಂದು ನಕ್ಕರು. ಅಪ್ಪ, "ಅಕ್ಕ, ಇವತ್ತು ಫಸ್ಟ್ ಪ್ರೈಜ್ ಇವಳಿಗೇ ಬಿಡು" ಅಂದರು. ಅತ್ತೆಯೂ ನಕ್ಕರು. "ನಿದ್ದೆನೇ ಇರ್ಬೇಕು" ಅಂದರು. ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದರು.

ಎದುರಾಳಿಗೆ ಎರಡೇ ದಾರಿ ಬಿಡು, ಮೂರನೆಯದು ಇದೆಯೆಂದು ಹೊಳೆಯಲು ಬಿಡಬೇಡ: ಚರ್ಚಾಸ್ಪರ್ಧೆಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಮೂರನೆಯದು ನನಗೂ ಹೊಳೆಯಲಿಲ್ಲ.

ಮುಂದಿನ ಸಿನಿಮಾಕ್ಕೆ ಕರೆದೆ. "ಮಂಡಿ ನೋವು ಕಣೇ, ನೀನು ಹೋಗ್ಬಾ." ಅದರ ಮುಂದಿನದಕ್ಕೂ ಮಂಡಿ ನೋವು. ಒಬ್ಬಳೇ ಹೋದೆ. ಮುಂದಿನ ಸಾಲಿನಲ್ಲಿ ಇಬ್ಬರು ಫೋನ್ ನೋಡುತ್ತಿದ್ದರು. ಯಾರೂ ಯಾರಿಗೂ ಬಾಗಿಲು ತೆಗೆಯಬೇಡ ಎನ್ನಲಿಲ್ಲ. ಸೆಕ್ಯೂರಿಟಿ ಹುಡುಗಿ, "ಕನ್ನಡಕದ ಆಂಟಿ ಎಲ್ಲಿ ಅಕ್ಕ?" ಎಂದು ಕೇಳಿದಳು. ಆಮೇಲೆ ಮಾಲ್‌ಗೂ ಹೋಗುವುದನ್ನು ಬಿಟ್ಟೆ. ರೂಮಿನ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ನನ್ನ ವಾದದ ಪ್ರಕಾರ ಹಾರರ್ ಸಿನಿಮಾ ನೋಡಬೇಕಾದದ್ದೇ ಹಾಗೆ. ಭಯವಾಯಿತು. ಚೆನ್ನಾಗಿಯೇ ಆಯಿತು. ಆಮೇಲೆ ಆ ಭಯವನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಮಣಿಕಟ್ಟು ನೋಡಿಕೊಂಡೆ. ನುಣ್ಣಗಿತ್ತು, ಒಂದು ಗುರುತೂ ಇಲ್ಲದೆ.

ಸಂಕ್ರಾಂತಿಯ ದಿನ ಎಳ್ಳು ಬೀರಲು ಅತ್ತೆಯ ಮನೆಗೆ ಹೋದೆ. ಬಾಗಿಲಲ್ಲಿರುವಾಗಲೇ ಒಳಗೆ ಕುಕ್ಕರ್ ಒಂದು ಸಲ ಕೂಗಿತು. ಅತ್ತೆ ಕುಕ್ಕರಿನ ಮುಂದೆ ನೆಟ್ಟಗೆ ನಿಂತು ಅದನ್ನೇ ನೋಡುತ್ತಿದ್ದರು. ಇದೂ ಅವರ ಹೊಸ ವಿಚಿತ್ರಗಳಲ್ಲೊಂದು. ಕುಕ್ಕರಿನ ಹಾಜರಿಯನ್ನೂ ತೆಗೆದುಕೊಳ್ಳುತ್ತಾರೆಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ನನ್ನನ್ನು ಕಂಡು, ಕುಕ್ಕರಿಗೆ ಬೆನ್ನು ಹಾಕಿ, ಎಳ್ಳು ಹಾಕಿಸಿಕೊಳ್ಳಲು ಡಬ್ಬಿ ಹುಡುಕತೊಡಗಿದರು. ಹಿಂದೆ ಕುಕ್ಕರ್ ಕೂಗಿತು. ಅತ್ತೆ ತಿರುಗಲಿಲ್ಲ. ಮತ್ತೆ ಕೂಗಿತು, ಮತ್ತೆ ಕೂಗಿತು. ಅತ್ತೆ ಡಬ್ಬಿ ಒರೆಸುತ್ತಲೇ ಇದ್ದರು. ನಾನು ಹೋಗಿ ಒಲೆ ಆರಿಸಿದೆ.

"ಯಾಕೇ ಆರಿಸ್ದೆ? ಇನ್ನೂ ಒಂದೇ ಆಗಿರೋದು."

"ನಾಲ್ಕಾಯ್ತು, ಅತ್ತೆ."

ಅತ್ತೆ ಕುಕ್ಕರ್ ನೋಡಿದರು, ನನ್ನನ್ನು ನೋಡಿದರು. ಸುಳ್ಳು ಹೇಳಿ ಸಿಕ್ಕಿಬಿದ್ದ ಮಗುವಿನ ಮುಖ.

"ಸಣ್ಣ ಸದ್ದು, ಕೀಚಲು ಸದ್ದು ಕೇಳಿಸದೆ ಎರಡು ವರ್ಷವಾಯ್ತು ಕಣೇ. ದಪ್ಪ ಸದ್ದು ಕೇಳ್ಸುತ್ತೆ. ಡಾಕ್ಟ್ರು ಕಿವಿಗೆ ಮೆಷಿನ್ ಕೊಟ್ಟಿದಾರೆ. ಅದನ್ನ ಹಾಕ್ಕೊಂಡು ಸಿನಿಮಾಕ್ಕೆ ಬಂದ್ರೆ ಪಕ್ಕದವನು ಪಾಪ್‌ಕಾರ್ನ್ ಅಗಿಯೋದೇ ದೆವ್ವದ ಥರ ಕೇಳ್ಸುತ್ತೆ!"

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕರ್ಕೊಂಡು ಹೋಗ್ತಿದ್ಯಾ? ಕೇಳಿಸ್ದೆ ಇರೋರ್ನ ಯಾರು ಹಾರರ್ ಸಿನಿಮಾಗೆ ಕರ್ಕೊಂಡು ಹೋಗ್ತಾರೆ?"

"ಮತ್ತೆ ನೀವು ಕಿರುಚ್ತಿದ್ರಲ್ಲ?"

ಅತ್ತೆ ನನ್ನ ಎಡಗೈ ತೆಗೆದುಕೊಂಡು ಮಣಿಕಟ್ಟಿನ ಸುತ್ತ ಬೆರಳಿಟ್ಟರು. "ಇದಿತ್ತಲ್ಲ. ಇದು ಬೆಚ್ಚಿದಾಗೆಲ್ಲ ನಾನೂ ಬೆಚ್ತಿದ್ದೆ. ಆ ಸಿನಿಮಾದಲ್ಲಿ ಏಳು ಸಲ ಜುಮ್ಮಂತು. ನಾನೂ ಎಣಿಸಿದೀನಿ. ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ."

"ಭಾನುವಾರ ಮ್ಯಾಟಿನಿ ಇದೆ ಅತ್ತೆ" ಅಂದೆ. "ಮಂಡಿ?" ಅಂತ ಕೇಳಿದೆ. "ಮಂಡಿಗೇನಾಗಿದೆ?" ಅಂದರು.

ಸಿನಿಮಾ ನನ್ನ ಪಕ್ಷದ್ದೇ: ಕತ್ತಲ ಕಾರಿಡಾರ್, ಒಂದು ಪಿಸುಮಾತು. ಅತ್ತೆಗಾಗಿ ನಾನು ಬೆಚ್ಚಿದಂತೆ ನಟಿಸಬೇಕೇನೋ ಅಂದುಕೊಂಡಿದ್ದೆ. ಬೇಕಾಗಲಿಲ್ಲ, ಪಿಸುಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ತಾನಾಗಿ ಜಿಗಿಯಿತು. ಅರೆಗಳಿಗೆ ತಡವಾಗಿ, ಸದ್ದೇ ಇಲ್ಲದ ಆ ಹಾಲ್‌ನಲ್ಲಿ, ಅತ್ತೆ "ಅಯ್ಯಯ್ಯೋ!" ಎಂದು ಕಿರುಚಿದರು. ಆ ಕೂಗಿಗೆ ಮುಂದಿನ ಸಾಲಿನವನ ಫೋನ್ ಕೆಳಗೆ ಬಿತ್ತು. ಅವನೂ ಕಿರುಚಿದ, ಅವನ ಪಕ್ಕದವಳೂ ಕಿರುಚಿದಳು. ಆಮೇಲೆ ಹಿಂದಿನ ಕತ್ತಲಿಂದ ಯಾರೋ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಇಳಿದು ಬಂತು, ನಾನು ಎಷ್ಟೋ ವರ್ಷದಿಂದ ಕೇಳದ ನಗು.

ದೀಪ ಹತ್ತಿದಾಗ ಕನ್ನಡಕದ ಡಬ್ಬಿ ಅತ್ತೆಯ ತೊಡೆಯ ಮೇಲೆ ಮುಚ್ಚಿದ ಹಾಗೇ ಇತ್ತು. ತಿನ್ನಲು ಕೈ ಖಾಲಿಯಿರಲಿಲ್ಲವಲ್ಲ, ಎರಡೂ ಕೈ ನನ್ನ ಮಣಿಕಟ್ಟಿನ ಮೇಲಿದ್ದವು.

"ಸಿನಿಮಾ ಮುಗೀತು ಅತ್ತೆ. ಇನ್ನು ಕೈ ಬಿಡಬಹುದು."

"ಇನ್ನೂ ನಡುಗ್ತಿದೆ ಕಣೇ ಇದು."

"ಅದು ಭಯಕ್ಕಲ್ಲ."

"ಹೂಂ, ಹೂಂ" ಅಂದರು ಅತ್ತೆ. ಕೈ ಬಿಡಲಿಲ್ಲ.